ಕುಂತಿ ಬೆಟ್ಟದ ಮೇಲೊಂದು ಕೂಸು

ಕೂಸಿಗೆ 14 ತಿಂಗಳು ತುಂಬಿದ್ದರೂ ಇನ್ನೂ ನಡೆದಿರಲಿಲ್ಲ. ಶ್ರೀರಂಗಪಟ್ಟಣದ ಆ ಮನೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ನಾಗಮಂಗಲದಲ್ಲಿರುವ ಓರಗಿತ್ತಿಯ ಮಗು 10 ತಿಂಗಳಿಗೇ ಹೊಸ್ತಿಲು ದಾಟಿತ್ತು. ಅದು ಅಂಗಳದಲ್ಲಿ ಓಡಾಡುವ ವಿಡಿಯೊ ಮೊಬೈಲಿಗೆ ಬಂದಂದಿನಿಂದ ಈ ತಾಯಿಗೆ ಊಟ ರುಚಿಸುತ್ತಿರಲಿಲ್ಲ. ಅಪ್ಪ ಪೇಟೆಯಿಂದ ದುಂಡನೆಯ ವಾಕರ್ ತಂದ. ಕೂಸನ್ನು ಅದರೊಳಗೆ ಇಳಿಸಿದರೆ ಅದು ಕಾಲಾಡಿಸಿ ಗೋಡೆಗೆ ಡಿಕ್ಕಿ ಹೊಡೆದು ನಗುತ್ತಿತ್ತೇ ಹೊರತು, ಹೊರಗೆ ತೆಗೆದರೆ ಮತ್ತೆ ಅಂಬೆಗಾಲು.

ಕೆ.ಆರ್. ಪೇಟೆ ಕಡೆಯ ಹಳ್ಳಿಯಿಂದ ಬಂದ ಅಜ್ಜಿ ಎರಡು ದಿನ ಇದನ್ನೆಲ್ಲ ನೋಡಿದರು. ಮೂರನೆಯ ದಿನ ಭಾನುವಾರ. "ಮನೇಲಿ ಕೂತು ಕೂಸಿನ ಕಾಲು ನೋಡಿದ್ದು ಸಾಕು ಕಣವ್ವ. ನಡೀರಿ, ಕುಂತಿ ಬೆಟ್ಟಕ್ಕೆ ಹೋಗ್ಬರುವ" ಎಂದರು. ಎಂಟನೇ ತರಗತಿಯ ಮೊಮ್ಮಗಳು ಬುತ್ತಿ ಹಿಡಿದಳು. ತಾಯಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಪಾಂಡವಪುರದ ಬಸ್ಸು ಹತ್ತಿದಳು.

ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅವರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಇದನ್ನು 'ಫ್ರೆಂಚ್ ರಾಕ್ಸ್' ಎಂದು ಕರೆದರು. ಆದರೆ ಜನರ ಮನಸ್ಸಿನಲ್ಲಿ ನಿಂತದ್ದು ಪಾಂಡವರ ಹೆಸರು. ಕುಂತಿ ತನ್ನ ಮಕ್ಕಳೊಂದಿಗೆ ಈ ಬಂಡೆಗಳ ನಡುವೆ ನೆಲೆಸಿದ್ದಳೆಂಬುದು ಪ್ರತೀತಿ.

ಬೆಟ್ಟದ ನೆರಳಿನಲ್ಲಿ ಕೂತು ಅಜ್ಜಿ ಕಥೆ ತೆಗೆದರು. ಭೀಮ ಇನ್ನೂ ಎಳೆಗೂಸು. ಕುಂತಿಯ ಮಡಿಲಲ್ಲಿ ಮಲಗಿದ್ದಾನೆ. ಹುಲಿಯೊಂದು ಕಾಣಿಸಿತು. ಹೆದರಿದ ಕುಂತಿ ಮಡಿಲಲ್ಲಿ ಕೂಸಿರುವುದನ್ನೂ ಮರೆತು ಎದ್ದುಬಿಟ್ಟಳು. ಕೂಸು ಬಂಡೆಯ ಮೇಲೆ ಬಿತ್ತು. ಕೂಸಿಗೆ ಏನೂ ಆಗಲಿಲ್ಲ, ಬಂಡೆಯೇ ಪುಡಿಪುಡಿಯಾಯಿತು! ವ್ಯಾಸಭಾರತದಲ್ಲಿ ಇದು ನಡೆದದ್ದು ಶತಶೃಂಗ ಪರ್ವತದಲ್ಲಿ. ಅಜ್ಜಿಯ ಪಾಲಿಗೆ ಮಾತ್ರ ಎದುರಿಗಿದ್ದ ಬಂಡೆಯೇ ಸಾಕ್ಷಿ.

"ಅಜ್ಜಿ, ಇದು ಜ್ಯಾಕ್-ಜ್ಯಾಕ್ ಕಥೆ!" ಎಂದಳು ಮೊಮ್ಮಗಳು. 2004ರಲ್ಲಿ ಬಂದ 'ದಿ ಇನ್‌ಕ್ರೆಡಿಬಲ್ಸ್' ಎಂಬ ಕಾರ್ಟೂನ್ ಚಿತ್ರದಲ್ಲಿ ಮನೆಮಂದಿಯೆಲ್ಲ ಮಹಾಶಕ್ತರು. ತೊಟ್ಟಿಲ ಕೂಸೊಂದಕ್ಕೆ ಮಾತ್ರ ಏನೂ ಇಲ್ಲವೆಂದು ಎಲ್ಲರೂ ತಿಳಿದಿರುತ್ತಾರೆ. ಒಂದು ದಿನ ಅದು ಇದ್ದಕ್ಕಿದ್ದಂತೆ ಬೆಂಕಿಯಾಗುತ್ತದೆ, ಲೋಹವಾಗುತ್ತದೆ. ಮುಂದೇನೆಂದು ಯಾರಿಗೂ ತಿಳಿಯದು. ಅಜ್ಜಿ ಕೇಳಿ ನಕ್ಕರು. "ಕುಂತಿಗೂ ಹಂಗೇ ಕಣವ್ವ. ಬಂಡೆ ಒಡೆಯೋ ಗಂಟ ಅವಳಿಗೇನು ಗೊತ್ತಿತ್ತು?"

ಬಂಡೆಯ ಬಿರುಕಿಗೆ ವಿಜ್ಞಾನ ಬೇರೆ ಕಾರಣ ಹೇಳುತ್ತದೆ. ಹಗಲಿನ ಬಿಸಿಲು, ರಾತ್ರಿಯ ತಂಪು, ಸಂದಿಗೆ ಇಳಿದ ಮಳೆನೀರು, ನುಸುಳಿದ ಬೇರು ಇವೆಲ್ಲ ಸೇರಿ ಲಕ್ಷಾಂತರ ವರ್ಷಗಳಲ್ಲಿ ಕಲ್ಲನ್ನು ಸೀಳುತ್ತವೆ. ಆದರೆ ಕೂಸಿನ ವಿಷಯದಲ್ಲಿ ಅಜ್ಜಿಯ ಮಾತಿಗೂ ವಿಜ್ಞಾನಕ್ಕೂ ಜಗಳವಿಲ್ಲ. ಪ್ರತಿ ತೊಟ್ಟಿಲಲ್ಲೂ ಹೇಳದೆ ಕೇಳದೆ ಬರುವ, ಹಾಗೆಯೇ ಮರೆಯಾಗುವ ಶಕ್ತಿಗಳಿವೆ.

ಹುಟ್ಟಿದ ಕೂಸಿನ ಅಂಗೈಗೆ ಬೆರಳಿಟ್ಟು ನೋಡಿ, ಬಿಗಿಯಾಗಿ ಹಿಡಿಯುತ್ತದೆ. ಈ ಹಿಡಿತ ಎಷ್ಟು ಗಟ್ಟಿಯೆಂದರೆ, ನವಜಾತ ಶಿಶುಗಳು ಕೋಲು ಹಿಡಿದು ಕೆಲವು ಸೆಕೆಂಡು ತಮ್ಮ ಭಾರವನ್ನು ತಾವೇ ಹೊರಬಲ್ಲವೆಂದು ಇಂಗ್ಲೆಂಡಿನ ವೈದ್ಯ ಲೂಯಿ ರಾಬಿನ್ಸನ್ 1891ರಲ್ಲೇ ಬರೆದಿದ್ದರು. ಕೆಲವು ತಿಂಗಳಲ್ಲಿ ಆ ಹಿಡಿತ ತಾನಾಗಿ ಸಡಿಲವಾಗುತ್ತದೆ. ಬೇಕೆಂದಾಗ ಹಿಡಿದು ಬೇಡವೆಂದಾಗ ಬಿಡುವ ಜಾಣ್ಮೆ ಆಮೇಲೆ ಬರುತ್ತದೆ.

ಇನ್ನೂ ಸೋಜಿಗದ ಸಂಗತಿಯೊಂದಿದೆ. ನವಜಾತ ಶಿಶುವನ್ನು ತಜ್ಞರು ನೆಟ್ಟಗೆ ಹಿಡಿದು ಪಾದವನ್ನು ನೆಲಕ್ಕೆ ತಾಗಿಸಿದರೆ ಅದು ಹೆಜ್ಜೆ ಹಾಕುತ್ತದೆ! ಸುಮಾರು ಎರಡು ತಿಂಗಳಿಗೆ ಈ ಹೆಜ್ಜೆ ಮಾಯ. ಅದೆಲ್ಲಿ ಹೋಯಿತು? ಅಮೆರಿಕದ ವಿಜ್ಞಾನಿ ಎಸ್ತರ್ ಥೆಲೆನ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಶಿಶುಗಳ ಕಾಲನ್ನು ನೀರಿನಲ್ಲಿ ಇಳಿಬಿಟ್ಟಾಗ ಹೆಜ್ಜೆಗಳು ಹೆಚ್ಚಿದವು. ಕಾಲಿಗೆ ಪುಟ್ಟ ತೂಕ ಕಟ್ಟಿದಾಗ ಕಡಿಮೆಯಾದವು. ಶಕ್ತಿ ಹೋಗಿರಲಿಲ್ಲ. ಕೊಬ್ಬು ತುಂಬಿ ಕಾಲು ಭಾರವಾಗಿತ್ತು, ಸ್ನಾಯು ಅಷ್ಟು ಬೇಗ ಬಲಿತಿರಲಿಲ್ಲ, ಅಷ್ಟೆ. ಪಠ್ಯಪುಸ್ತಕದ ಆರ್ಕಿಮಿಡೀಸ್ ತತ್ತ್ವ ಕೂಸಿನ ಕಾಲಿಗೂ ಅನ್ವಯಿಸುತ್ತದೆ.

ಕೆಲವು ಶಕ್ತಿಗಳು ಮಾತ್ರ ಹೋದರೆ ಸುಲಭವಾಗಿ ಮರಳುವುದಿಲ್ಲ. ಹಿಂದಿಯ 'ತ' ಮತ್ತು 'ಟ' ಧ್ವನಿಗಳ ವ್ಯತ್ಯಾಸ ಇಂಗ್ಲಿಷ್ ಮಾತನಾಡುವ ದೊಡ್ಡವರಿಗೆ ಸರಿಯಾಗಿ ಕೇಳಿಸದು. ಆದರೆ ಇಂಗ್ಲಿಷ್ ಮಾತಿನ ಮನೆಗಳ 6ರಿಂದ 8 ತಿಂಗಳ ಶಿಶುಗಳು ಅದನ್ನು ಗುರುತಿಸುತ್ತವೆಂದು ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದರು. ವರ್ಷ ತುಂಬುವಷ್ಟರಲ್ಲಿ ಆ ಶಕ್ತಿ ಬಹಳಷ್ಟು ಕುಂದುತ್ತದೆ. ಕಿವಿ ಮನೆಯ ನುಡಿಗೆ ಹದಗೊಳ್ಳುತ್ತದೆ. ಅದಕ್ಕೇ ತೊಟ್ಟಿಲ ಬಳಿ ಆಡುವ ಮಾತು ಎಂದಿಗೂ ವ್ಯರ್ಥವಲ್ಲ.

ಹಾಗಾದರೆ ನಡಿಗೆ ಯಾವಾಗ? ವಿಶ್ವ ಆರೋಗ್ಯ ಸಂಸ್ಥೆಯು ಭಾರತವೂ ಸೇರಿದಂತೆ ಐದು ದೇಶಗಳ 816 ಮಕ್ಕಳನ್ನು ಗಮನಿಸಿ 2006ರಲ್ಲಿ ವರದಿ ಪ್ರಕಟಿಸಿತು. ಅದರ ಪ್ರಕಾರ ಆಸರೆಯಿಲ್ಲದೆ ಕೂರುವುದಕ್ಕೆ 3.8ರಿಂದ 9.2 ತಿಂಗಳು, ಒಂಟಿಯಾಗಿ ನಿಲ್ಲುವುದಕ್ಕೆ 6.9ರಿಂದ 16.9 ತಿಂಗಳು, ಒಂಟಿಯಾಗಿ ನಡೆಯುವುದಕ್ಕೆ 8.2ರಿಂದ 17.6 ತಿಂಗಳು. ಎಲ್ಲವೂ ಆರೋಗ್ಯವಂತ ಮಕ್ಕಳೇ. ಆದರೂ ಮೊದಲಿಗರಿಗೂ ಕೊನೆಯವರಿಗೂ ನಡುವೆ 9 ತಿಂಗಳ ಅಂತರ! ನೂರಕ್ಕೆ ನಾಲ್ಕು ಮಕ್ಕಳಂತೂ ಅಂಬೆಗಾಲಿಡದೆಯೇ ಮುಂದಿನ ಹಂತಕ್ಕೆ ಹೋಗಿದ್ದವು. ನಾಗಮಂಗಲದ ಮಗುವೂ ಶ್ರೀರಂಗಪಟ್ಟಣದ ಮಗುವೂ ಒಂದೇ ಪಟ್ಟಿಯ ಒಳಗೇ ಇದ್ದವು.

ಅಪ್ಪ ತಂದ ವಾಕರ್ ಈ ಅಂತರವನ್ನು ತಗ್ಗಿಸದು. ಅದರಲ್ಲಿ ಮಗು ತನ್ನ ಸಮತೋಲವನ್ನು ತಾನು ಕಲಿಯುವುದಿಲ್ಲ. ಮೆಟ್ಟಿಲಿಂದ ಉರುಳುವ ಅಪಾಯ ಬೇರೆ. ಕೆನಡಾ ದೇಶ 2004ರಲ್ಲಿ ಇವುಗಳ ಮಾರಾಟವನ್ನೇ ನಿಷೇಧಿಸಿತು.

ಶ್ರೀರಂಗಪಟ್ಟಣದ ಮಕ್ಕಳು ಪಕ್ಕದ ರಂಗನತಿಟ್ಟಿಗೆ ಹೋಗಿ ನೋಡಬಹುದು. ಬಣ್ಣದ ಕೊಕ್ಕರೆಯ ಮರಿ ವಾರಗಟ್ಟಲೆ ಗೂಡಿನಲ್ಲಿ ಬಾಯಿ ತೆರೆದು ಕೂತಿರುತ್ತದೆ. ಬಾತುಕೋಳಿಯ ಮರಿಯಾದರೋ ಮೊಟ್ಟೆಯೊಡೆದ ಒಂದೆರಡು ದಿನಗಳಲ್ಲೇ ತಾಯಿಯ ಹಿಂದೆ ಈಜುತ್ತದೆ. ಹಾಗೆಂದು ಕೊಕ್ಕರೆ ದಡ್ಡ ಎನ್ನುವವರುಂಟೇ? ಅದು ಮುಂದೆ ಆಕಾಶವನ್ನೇ ಆಳುತ್ತದೆ.

ಹೋಲಿಕೆಯ ಕೇಡು ಮಹಾಭಾರತಕ್ಕೂ ಗೊತ್ತಿತ್ತು. ಅಜ್ಜಿ ಕಥೆಯ ಮುಂದಿನ ಭಾಗವನ್ನು ಮಗಳ ಮುಖ ನೋಡಿಯೇ ಹೇಳಿದರು. ಗಾಂಧಾರಿ ಕುಂತಿಗಿಂತ ಮೊದಲೇ ಬಸುರಿ. ಕುಂತಿಗೆ ಮಗ ಹುಟ್ಟಿದನೆಂದು ಕೇಳಿ ಸಂಕಟ ತಾಳಲಾರದೆ ತನ್ನ ಹೊಟ್ಟೆಯನ್ನೇ ಗುದ್ದಿಕೊಂಡಳು. "ಅವಳ ಮಕ್ಕಳೂ ಹುಟ್ಟಿದ್ರು ಕಣವ್ವ, ನೂರು ಜನ. ಒಸಿ ತಡೆದಿದ್ರೆ ಗುದ್ದಿಕೊಳ್ಳೋ ಸಂಕಟ ಇರ್ತಿತ್ತಾ?" ಮಗಳು ತಲೆ ತಗ್ಗಿಸಿದಳು.

ಭೀಮನ ಬಾಲ್ಯವೂ ಇದನ್ನೇ ಹೇಳುತ್ತದೆ. ಅವನು ಮರ ಅಲುಗಿಸಿ, ಹಣ್ಣು ಕೀಳಲು ಹತ್ತಿದ ಕೌರವರನ್ನು ಉದುರಿಸುತ್ತಿದ್ದ, ನೀರಿನಲ್ಲಿ ಮುಳುಗಿಸುತ್ತಿದ್ದ. ಅದು ಹುಡುಗಾಟವೇ ಹೊರತು ದ್ವೇಷವಲ್ಲವೆಂದು ವ್ಯಾಸರು ಸ್ಪಷ್ಟವಾಗಿ ಹೇಳಿದ್ದಾರೆ. ತನ್ನ ಬಲದ ಅಳತೆ ಅವನಿಗೇ ತಿಳಿದಿರಲಿಲ್ಲ. ಆದರೆ ದಿನವೂ ತನ್ನನ್ನು ಅವನೊಡನೆ ತೂಗಿ ನೋಡಿಕೊಂಡ ದುರ್ಯೋಧನ ಕೊನೆಗೆ ಅನ್ನಕ್ಕೆ ವಿಷ ಬೆರೆಸಿದ. ಕೂಸಿನ ಹೆಜ್ಜೆ ಎಣಿಸುವ ಮನೆಗಳಲ್ಲಿ ಮುಂದೆ ಎಸ್.ಎಸ್.ಎಲ್.ಸಿ. ಅಂಕಗಳನ್ನೂ ಹೀಗೆಯೇ ಎಣಿಸುತ್ತಾರೆ. ಮಕ್ಕಳು ಆ ವಿಷವನ್ನು ಮಾತಿಲ್ಲದೆ ನುಂಗುತ್ತಾರೆ.

ಕಾಯುವುದೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ. 9 ತಿಂಗಳು ಕಳೆದರೂ ಕೂರದಿದ್ದರೆ, 18 ತಿಂಗಳಾದರೂ ನಡೆಯದಿದ್ದರೆ, ಒಂದೇ ಕೈ ಅಥವಾ ಒಂದೇ ಕಾಲು ಮಾತ್ರ ಆಡಿಸುತ್ತಿದ್ದರೆ, ಕಲಿತದ್ದನ್ನು ಮಗು ಮರೆಯುತ್ತಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಉಚಿತ ತಪಾಸಣೆಯ ವ್ಯವಸ್ಥೆಯಿದೆ. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಬುತ್ತಿ ಬಿಚ್ಚುವಾಗ ಕೂಸು ತೆವಳಿಕೊಂಡು ಬಂಡೆಯ ಬಳಿ ಹೋಯಿತು. ಕಲ್ಲಿಗೆ ಅಂಗೈ ಒತ್ತಿ ಎದ್ದು ನಿಂತಿತು. ಆಮೇಲೆ ಒಂದು ಕೈ ಬಿಟ್ಟಿತು, ಇನ್ನೊಂದನ್ನೂ ಬಿಟ್ಟಿತು. ತಾಯಿ ಓಡಿ ಹಿಡಿಯಲು ಹೋದಾಗ ಅಜ್ಜಿ ಸೆರಗು ಹಿಡಿದು ಕೂರಿಸಿದರು. ನಾಲ್ಕೈದು ಎಣಿಸುವಷ್ಟು ಹೊತ್ತು ನಿಂತು, ಕೂಸು ಧೊಪ್ಪನೆ ಕುಳಿತು, ಎಲ್ಲರನ್ನೂ ಒಮ್ಮೆ ನೋಡಿತು.

ಬಂಡೆ ಒಡೆಯಲಿಲ್ಲ. ಕೂಸು ಅಂದು ನಡೆಯಲೂ ಇಲ್ಲ. ತಾಯಿ ಮಾತ್ರ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ಮನೆಗೆ ಬಂದಮೇಲೆ ವಾಕರ್ ಅಟ್ಟ ಸೇರಿತು.