ಮೈಗಳ್ಳರಲ್ಲ ನಾವು

ಮೈಗಳ್ಳ ಅನ್ನೋ ಮಾತನ್ನು ನಮ್ಮ ಕೇರಿಗಳು ತಲೆತಲಾಂತರದಿಂದ ಕೇಳಿಕೊಂಡು ಬಂದಿವೆ. ನಮ್ಮ ತಾತಂದಿರು ಧಣಿಯ ಹೊಲದಲ್ಲಿ ಜೀತಕ್ಕಿದ್ದಾಗ ಒಂದು ಗಳಿಗೆ ಬೆನ್ನು ನೆಟ್ಟಗೆ ಮಾಡಿ ನಿಂತರೆ ಬದುವಿನ ಮೇಲಿಂದ ಈ ಮಾತು ಬಂದು ಬೀಳುತ್ತಿತ್ತು. ಧಣಿಗೆ ದಣಿಯುವ ಹಕ್ಕಿತ್ತು, ದುಡಿದು ದಣಿದವರಿಗೆ ಇರಲಿಲ್ಲ. 1976ರ ಕಾಯಿದೆ ಜೀತವನ್ನು ರದ್ದು ಮಾಡಿತು. ಮಾತು ರದ್ದಾಗಲಿಲ್ಲ. ಅದು ಹೊಲದಿಂದ ಹೊರಟು ನಮ್ಮ ಗುಡಿಸಲ ಒಳಗೇ ಬಂದು ಕುಂತಿದೆ. ಈಗ ಅದನ್ನು ಆಡುವವರು ನಮ್ಮ ಅವ್ವಂದಿರು, ಅಪ್ಪಂದಿರು. 'ಹೊತ್ತು ಮಾರುದ್ದ ಬಂತು, ಇನ್ನೂ ಬಿದ್ಕಂಡವ್ನೆ ನೋಡು. ಗಟ್ಟಿಮುಟ್ಟಾಗವ್ನೆ, ಮೈಗಳ್ಳ!'

ಗೆಳೆಯರೇ, ಈ ಮಾತಿಗೆ ಉತ್ತರ ಕೊಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇವೆ.

ನಾವು ನಾಲ್ಕು ಜನ. ಒಬ್ಬ ಹಾಸನದ ಮಗ್ಗುಲ ಹಳ್ಳಿಯವನು, ಒಬ್ಬಳು ಹೊಳೆನರಸೀಪುರದ ಕಡೆಯವಳು, ಒಬ್ಬ ಅರಕಲಗೂಡಿನವನು, ಇನ್ನೊಬ್ಬಳು ಚನ್ನರಾಯಪಟ್ಟಣದವಳು. ಎಲ್ಲರೂ 20 ದಾಟಿದವರು, 30 ಮುಟ್ಟದವರು. ಆಸ್ಪತ್ರೆಯ ಚೀಟಿ ಸಾಲಿನಲ್ಲಿ ಪರಿಚಯವಾದವರು. ನಮಗೆ ಸಂಘವಿಲ್ಲ, ಬ್ಯಾನರಿಲ್ಲ, ರಸೀತಿ ಪುಸ್ತಕವಿಲ್ಲ. ಚಿಕ್ಕಂದಿನಲ್ಲೇ ಬಂದ ಕೀಲುವಾತ ಮಾತ್ರ ನಾಲ್ವರಿಗೂ ಸೇರಿದ್ದು.

ವಾತ ಅಂದರೆ ಮುದುಕರ ಕಾಯಿಲೆ ಅಂತ ಊರು ತಿಳಿದಿದೆ. ಮಕ್ಕಳಿಗೂ ಬರುತ್ತದೆ. 16 ವರ್ಷದೊಳಗೆ ಶುರುವಾಗಿ, 6 ವಾರಕ್ಕೂ ಹೆಚ್ಚು ಕಾಲ ಕೀಲು ಊದಿ ಬಿಗಿದುಕೊಂಡು, ಬೇರೆ ಯಾವ ಕಾರಣವೂ ಸಿಕ್ಕದಿದ್ದರೆ ವೈದ್ಯರು ಅದನ್ನು ಮಕ್ಕಳ ಸಂಧಿವಾತ ಅನ್ನುತ್ತಾರೆ. ಮೈಯನ್ನು ಕಾಯಬೇಕಾದ ರಕ್ಷಣಾ ಶಕ್ತಿಯೇ ತಿರುಗಿಬಿದ್ದು ಸ್ವಂತ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಹೋದ ಜನ್ಮದ ಕರ್ಮವೂ ಇಲ್ಲ, ಗಾಳಿ ಸೋಕಿದ್ದೂ ಇಲ್ಲ. ತಾಯಿ ಬಸುರಿನಲ್ಲಿ ತಿಂದದ್ದು ಸರಿಯಿಲ್ಲ ಅನ್ನೋದು ಶುದ್ಧ ಸುಳ್ಳು. ಆದರೂ ನಮ್ಮ ನಾಲ್ವರ ಅವ್ವಂದಿರೂ ಆ ಮಾತು ಕೇಳಿದ್ದಾರೆ. ನಮಗೆ ತಾಯತ ಕಟ್ಟಿಸಿದ್ದಾರೆ, ಬರೆ ಹಾಕಿಸಿದ್ದಾರೆ. 'ಬೆಳೆಯೋ ನೋವು ಕಣವ್ವ, ಸರಿಹೋಯ್ತದೆ' ಅಂತ ಬರೀ ನೋವಿನ ಮಾತ್ರೆ ಕೊಟ್ಟು ಕಳಿಸಿದವರೂ ಉಂಟು. ರಕ್ತದಲ್ಲಿ ಆರ್‌ಎ ಫ್ಯಾಕ್ಟರ್ ಇಲ್ಲ, ಆದ್ದರಿಂದ ವಾತವೂ ಇಲ್ಲ ಅಂದವರುಂಟು. ಈ ಕಾಯಿಲೆಯ ಬಹುಪಾಲು ಮಕ್ಕಳ ರಕ್ತದಲ್ಲಿ ಆ ಫ್ಯಾಕ್ಟರ್ ಇರುವುದೇ ಇಲ್ಲ ಅನ್ನುವುದು ನಮಗೆ ತಿಳಿಯುವ ಹೊತ್ತಿಗೆ ನಮ್ಮಲ್ಲೊಬ್ಬಳ ಮಣಿಕಟ್ಟು ಬಾಗಿಹೋಗಿತ್ತು.

ಬಾಗಿದ ಮಣಿಕಟ್ಟು ಕಣ್ಣಿಗೆ ಕಾಣುತ್ತದೆ. ಅದಕ್ಕೆ ಊರು 'ಅಯ್ಯೋ ಪಾಪ' ಅನ್ನುತ್ತದೆ. ಕಾಣದಿರುವುದು ದಣಿವು.

ದಿನವೆಲ್ಲಾ ಆಲೂಗಡ್ಡೆ ಕಿತ್ತು ಬಂದ ದಣಿವು ನಮಗೂ ಗೊತ್ತು. ನಾವೂ ಕೂಲಿಯವರ ಮಕ್ಕಳೇ. ಬಿಸಿನೀರು ಹುಯ್ಕೊಂಡು, ಮುದ್ದೆ ಉಂಡು, ಒಂದು ನಿದ್ದೆ ತೆಗೆದರೆ ಆ ದಣಿವು ಇಳಿಯುತ್ತದೆ. ಇದು ಇಳಿಯುವಂಥದ್ದಲ್ಲ. ಎಂಟು ಗಂಟೆ ಮಲಗಿ ಎದ್ದಾಗಲೂ ನೆಂದ ಕಂಬಳಿ ಹೊದ್ದಂಗೆ ಮೈ ಭಾರ. ಚೊಂಬು ಎತ್ತಬೇಕಾದರೆ ಎರಡು ಸಲ ಯೋಚಿಸಬೇಕು. ಪುಸ್ತಕದ ಒಂದೇ ಸಾಲನ್ನು ಮೂರು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಮಾಗಿಯ ಬೆಳಗಿನಲ್ಲಿ ಬೆರಳು ಮಡಚಲು ಒಂದು ಗಂಟೆ ಬೇಕು. ಹನ್ನೊಂದರ ಮೇಲೆ ಮೈ ಸಡಿಲವಾಗಿ ನಾವೂ ಎಲ್ಲರಂತೆ ಆಗುತ್ತೇವೆ. ಅದೇ ನಮಗೆ ಮುಳುವು. 'ಬೆಳಗ್ಗೆ ಏಳಕಾಗಲ್ಲ, ಮಧ್ಯಾಹ್ನ ಸಂತೆಗೆ ಹೋಗಕಾಯ್ತದಾ?' ಅಂತ ಕೇಳುತ್ತಾರೆ. ಆಯ್ತದೆ. ಈ ಕಾಯಿಲೆಯ ನಡೆಯೇ ಹಂಗೆ.

ಈ ದಣಿವಿಗೆ ಕಾರಣ ಒಂದಲ್ಲ. ಕೀಲಿನ ಉರಿಯೂತ ಎಬ್ಬಿಸುವ ರಾಸಾಯನಿಕಗಳು ರಕ್ತದಲ್ಲಿ ಮಿದುಳಿನವರೆಗೂ ಹೋಗಿ, ಜ್ವರ ಬಂದಾಗ ಆಗುವಂಥ ಸುಸ್ತನ್ನು ತರುತ್ತವೆ. ಉರಿಯೂತದಿಂದ ರಕ್ತಹೀನತೆ ಬರುತ್ತದೆ. ನೋವಿಗೆ ರಾತ್ರಿ ಹತ್ತು ಸಲ ಎಚ್ಚರವಾಗುತ್ತದೆ. ಬಳಸದ ಮಾಂಸಖಂಡ ಸೊರಗುತ್ತದೆ, ಸೊರಗಿದ ಖಂಡ ಸ್ವಲ್ಪ ಕೆಲಸಕ್ಕೇ ಸೋಲುತ್ತದೆ. ಇದರ ಮೇಲೆ ಮನಸ್ಸಿನ ಭಾರ. ಕೆಲವರಿಗೆ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗಿದ ಮಾರನೆಯ ದಿನ ಹೊಟ್ಟೆ ತೊಳಸಿ ಎದ್ದೇಳಲಾಗದಂತಾಗುತ್ತದೆ. ಆ ಮಾತ್ರೆ ವಾರಕ್ಕೆ ಒಂದೇ ದಿನ ನುಂಗುವಂಥದ್ದು. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಮನೆಯಲ್ಲಿ ಓದುಬರಹ ಬಲ್ಲವರಿಲ್ಲದಿದ್ದರೆ ಮೇಷ್ಟ್ರುಗಳು ಇದನ್ನು ಓದಿ ಹೇಳಬೇಕು.

ಕೀಲಿನ ಊತ ಪೂರಾ ಇಳಿದ ಮೇಲೂ ದಣಿವು ಉಳಿಯಬಹುದು. ಇಎಸ್‌ಆರ್ ನಾರ್ಮಲ್, ಸಿಆರ್‌ಪಿ ನಾರ್ಮಲ್. 'ಎಲ್ಲಾ ಚೆನ್ನಾಗೈತಲ್ಲಪ್ಪ, ಇನ್ನೇನು?' ಅಂತ ಕೇಳುತ್ತಾರೆ. ರಿಪೋರ್ಟು ಚೆನ್ನಾಗಿದೆ, ನಾವು ಚೆನ್ನಾಗಿಲ್ಲ. ಅಪ್ಪ ಆ ರಿಪೋರ್ಟು ಹಿಡಿದು ಮನೆಗೆ ಬರುತ್ತಾನೆ. ಮಾರನೆಯ ದಿನದಿಂದ ಮೈಗಳ್ಳ ಅನ್ನೋದಕ್ಕೆ ಕಾಗದವೇ ಸಾಕ್ಷಿ.

2006ರಲ್ಲಿ ಚಿಕೂನ್‌ಗುನ್ಯಾ ಕರ್ನಾಟಕದ ಹಳ್ಳಿಗಳನ್ನು ಹೊಕ್ಕಿದ್ದನ್ನು ಓದುಗರು ಮರೆತಿರಲಾರರು. ಜ್ವರ ಬಿಟ್ಟ ಮೇಲೂ ಜನ ವಾರಗಟ್ಟಲೆ, ಕೆಲವರು ತಿಂಗಳುಗಟ್ಟಲೆ ಮಂಡಿ ಹಿಡಿದು ಕುಂತಿದ್ದರು. ಗೋಡೆ ಹಿಡಿದು ಎದ್ದರು, ಗೋಡೆ ಹಿಡಿದು ನಡೆದರು. ಆಗ ಯಾರೂ ಯಾರನ್ನೂ ಮೈಗಳ್ಳ ಅನ್ನಲಿಲ್ಲ. ಯಾಕೆಂದರೆ ನೋವು ಕೇರಿಗೂ ಇತ್ತು, ಊರಿಗೂ ಇತ್ತು. ಆ ದಿನಗಳನ್ನು ನೆನೆಸಿಕೊಳ್ಳಿ. ಅದು ಬಿಟ್ಟು ಹೋಗದೆ ಹತ್ತು ಹದಿನೈದು ವರ್ಷ ಜೊತೆಗೇ ಇದ್ದರೆ ಹೆಂಗೆ ಅಂತ ಕೇಳಿಕೊಳ್ಳಿ. ನಮ್ಮ ಬದುಕು ನಿಮಗೆ ಸುಮಾರಾಗಿ ಸಿಕ್ಕುತ್ತದೆ.

ದಣಿವಿಗೂ ಜಾತಿ ಇದೆ, ವರ್ಗ ಇದೆ. ತೋಟ ಇರುವವನ ಮಗ ಮಲಗಿದರೆ 'ಹುಡುಗನಿಗೆ ಹುಷಾರಿಲ್ಲ' ಅನ್ನುತ್ತಾರೆ. ನಮ್ಮವನು ಮಲಗಿದರೆ ಅವತ್ತಿನ ಕೂಲಿ ಹೋಯಿತು. ಅರಕಲಗೂಡಿನಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಎಲೆ ಪೋಣಿಸುವ ಬೆರಳು ನಿಲ್ಲುವಂತಿಲ್ಲ. ಹೊಳೆನರಸೀಪುರದ ಗದ್ದೆಯಲ್ಲಿ ನಾಟಿಯ ಸಾಲು ಒಬ್ಬಳಿಗಾಗಿ ಕಾಯುವುದಿಲ್ಲ. ಚನ್ನರಾಯಪಟ್ಟಣದ ತೆಂಗಿನ ಮಂಡಿಯಲ್ಲಿ ಕಾಯಿ ಸುಲಿದಷ್ಟೇ ಕಾಸು. ನಮ್ಮಲ್ಲೊಬ್ಬ ಹಾಸನದ ಕಾರ್ಖಾನೆಯೊಂದಕ್ಕೆ ಹೋದ. ತಡವಾಗಿ ಬಂದ ಅಂತ ಮೂರು ಸಲ ಬರೆದುಕೊಂಡರು, ನಾಲ್ಕನೇ ಸಲ ಗೇಟಿನಿಂದಲೇ ಕಳಿಸಿದರು. ಅರ್ಧ ದಿನದ ಮೈ ಇರುವವನಿಗೆ ಅರ್ಧ ದಿನದ ಕೆಲಸ ಕೊಡುವ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ. ಅದಕ್ಕೇ ಅವ್ವನ ಬಾಯಲ್ಲಿ ಆ ಮಾತು. ಅವಳಿಗೆ ನಮ್ಮ ಮೇಲೆ ದ್ವೇಷವಿಲ್ಲ. ಹಿಟ್ಟಿನ ಮಡಕೆ ಖಾಲಿಯಾಗುವ ಭಯ ಹಂಗೆ ಮಾತಾಡಿಸುತ್ತದೆ.

ಹೆಣ್ಣುಮಕ್ಕಳ ಪಾಡು ಇನ್ನೊಂದು. 'ಇವಳಿಗೆ ವಾಯು ಐತಂತೆ' ಅನ್ನೋ ಮಾತು ಹಬ್ಬಿದರೆ ಗಂಡು ಬರುವುದಿಲ್ಲ ಅಂತ ಮಾತ್ರೆಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಾರೆ. ಮದುವೆಯಾದ ಮೇಲೆ ನಿಲ್ಲಿಸಿಯೇ ಬಿಡುತ್ತಾರೆ. ಕಾಯಿಲೆ ಕೆರಳುತ್ತದೆ, ಸೊಸೆ ಸೋಮಾರಿಯಾಗುತ್ತಾಳೆ. ಮೆಥೊಟ್ರೆಕ್ಸೇಟ್ ಹೊಟ್ಟೆಯಲ್ಲಿರುವ ಕೂಸಿಗೆ ಹಾನಿ ಮಾಡುತ್ತದೆ. ಆದ್ದರಿಂದ ಬಸುರಾಗುವ ಮೊದಲೇ ವೈದ್ಯರನ್ನು ಕೇಳಿ ಬೇರೆ ಔಷಧಿಗೆ ಬದಲಿಸಬೇಕು. ಮಾತ್ರೆ ಬಚ್ಚಿಟ್ಟ ಮನೆಯಲ್ಲಿ ಈ ಮಾತು ಎತ್ತುವವರು ಯಾರು?

ಆಸ್ಪತ್ರೆಯ ದಾರಿಯೇ ಒಂದು ದಿನದ ಬಲವನ್ನು ತಿನ್ನುತ್ತದೆ. ಅರಕಲಗೂಡಿನಿಂದ ಹಾಸನಕ್ಕೆ ಸುಮಾರು 30 ಕಿಲೋಮೀಟರ್, ಚನ್ನರಾಯಪಟ್ಟಣದಿಂದ 40ರ ಹತ್ತಿರ. ಹಳ್ಳಿಯಿಂದ ಮೊದಲ ಬಸ್ಸು ಹಿಡಿಯಬೇಕು, ಅಂದರೆ ಬೆರಳು ಮಡಚದ ಹೊತ್ತಿನಲ್ಲೇ ಹೊರಡಬೇಕು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಚಾರ್ಜು ತಪ್ಪಿತು, ಅಷ್ಟು ಉಪಕಾರವಾಯಿತು. ಈ ಕಾಯಿಲೆಯನ್ನೇ ನೋಡುವ ಮಕ್ಕಳ ತಜ್ಞರು ಬೇಕೆಂದರೆ ಬೆಂಗಳೂರಿನಂಥ ದೊಡ್ಡ ಊರಿಗೆ ಹೋಗಬೇಕು. 18 ತುಂಬಿದ ಮೇಲೆ ಮಕ್ಕಳ ವಿಭಾಗದವರು ದೊಡ್ಡವರ ವಿಭಾಗಕ್ಕೆ ಹೋಗು ಅಂದರು. ಅಲ್ಲಿ ಹಳೇ ಫೈಲಿಲ್ಲ. 'ಯಾವಾಗಿಂದ ನೋವು?' ಅಂತ ಮೊದಲಿಂದ ಶುರು. ನಮ್ಮಲ್ಲಿ ಇಬ್ಬರು ಈ ಎರಡು ಬಾಗಿಲ ನಡುವೆಯೇ ಔಷಧಿ ಬಿಟ್ಟು ವರ್ಷ ಕಳೆದರು.

ಸರ್ಟಿಫಿಕೇಟಿನ ಕತೆ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ನಮ್ಮ ಕಾಯಿಲೆಯ ಹೆಸರು ಅದರಲ್ಲಿಲ್ಲ. ಚಲನ ವೈಕಲ್ಯ ಅನ್ನುವ ಬಾಗಿಲಿಂದ ನಾವು ನುಗ್ಗಬೇಕು. ಕೀಲು ಎಷ್ಟು ಮಡಚುತ್ತದೆ, ಕೈಯಲ್ಲಿ ಎಷ್ಟು ಬಲ ಇದೆ ಅಂತ ಅಳೆಯುತ್ತಾರೆ. ಮಧ್ಯಾಹ್ನ ಅಳೆದರೆ ಎಲ್ಲಾ ಮಡಚುತ್ತದೆ. ದಣಿವನ್ನು ಅಳೆಯುವ ಕೋಲು ಅಲ್ಲಿಲ್ಲ. 40 ಪರ್ಸೆಂಟ್ ಮುಟ್ಟದಿದ್ದರೆ ಸರಕಾರಿ ಕೆಲಸದ 4 ಪರ್ಸೆಂಟ್ ಮೀಸಲಿಲ್ಲ, ಉನ್ನತ ಶಿಕ್ಷಣದ 5 ಪರ್ಸೆಂಟ್ ಇಲ್ಲ. ಆದರೆ ಒಂದು ಬೆಳಕಿದೆ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯೊಬ್ಬರ ಮೊಕದ್ದಮೆಯಲ್ಲಿ, 40 ಪರ್ಸೆಂಟ್ ಇಲ್ಲದಿದ್ದರೂ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು ಕೇಳುವ ಹಕ್ಕಿದೆ ಎಂದು ಹೇಳಿತು. ಮೀಸಲಾತಿ ಬೇರೆ, ಅನುಕೂಲ ಬೇರೆ. ಅನುಕೂಲ ಕೇಳೋದು ಭಿಕ್ಷೆಯಲ್ಲ.

ಬಾಬಾಸಾಹೇಬರನ್ನು ತೋರಿಸಿ ನಮ್ಮನ್ನು ಎಬ್ಬಿಸುವವರಿದ್ದಾರೆ. 'ಸಕ್ಕರೆ ಕಾಯಿಲೆ, ಕಾಲುನೋವು ಇಟ್ಕಂಡೇ ಅವರು ಸಂವಿಧಾನ ಬರೆದ್ರು. ನಿಂಗೇನ್ಲಾ ಬಂದಿರೋದು?' ನಿಜ, ಬರೆದರು. 1948ರಲ್ಲಿ ಅವರ ಕೈಹಿಡಿದವರು ಸ್ವತಃ ವೈದ್ಯೆ. ಬಾಬಾಸಾಹೇಬರಿಗೂ ಆರೈಕೆ ಬೇಕಾಯಿತು, ಅದರಿಂದ ಅವರು ಚಿಕ್ಕವರಾಗಲಿಲ್ಲ. ಇನ್ನೊಂದು ಮಾತು. 1942ರಿಂದ 1946ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಇಲಾಖೆ ಹೊತ್ತಿದ್ದರು. 1946ರಲ್ಲಿ ಅವರು ಮುಂದಿಟ್ಟ ಕಾರ್ಖಾನೆ ಕಾಯಿದೆಯ ತಿದ್ದುಪಡಿ, ವರ್ಷಪೂರ್ತಿ ನಡೆಯುವ ಕಾರ್ಖಾನೆಗಳಲ್ಲಿ ವಾರದ ದುಡಿಮೆಯನ್ನು 54 ಗಂಟೆಯಿಂದ 48ಕ್ಕೆ ಇಳಿಸಿತು. ದುಡಿಯುವ ಮೈಗೊಂದು ಮಿತಿ ಇದೆ ಅಂತ ಕಾನೂನಿನಲ್ಲಿ ಬರೆಸಿದವರ ಹೆಸರು ಹೇಳಿ ನಮ್ಮ ಮಿತಿಯನ್ನು ಹೀಯಾಳಿಸಬೇಡಿ.

ಸುಮ್ಮನೆ ಮಲಗಿದರೆ ದಣಿವು ಹೋಗುವುದಿಲ್ಲ, ಹೆಚ್ಚುತ್ತದೆ. ಇದು ನಾವು ಕಷ್ಟಪಟ್ಟು ಕಲಿತದ್ದು. ದಿನಾ ಒಂದಿಷ್ಟು ನಡಿಗೆ, ಕೈಕಾಲಿನ ವ್ಯಾಯಾಮ, ಬೆಳಗ್ಗೆ ಬಿಸಿನೀರು. ಮೈ ಚೆನ್ನಾಗಿರುವ ಹೊತ್ತಿಗೆ ಭಾರದ ಕೆಲಸ ಇಟ್ಟುಕೊಂಡು, ಸೋಲುವ ಮೊದಲೇ ಕೂರುವುದು. ಒಳ್ಳೆಯ ದಿನ ಬಂತು ಅಂತ ಎಲ್ಲಾ ಕೆಲಸ ಬಾಚಿಕೊಂಡರೆ ಮುಂದಿನ ಮೂರು ದಿನ ಹಾಸಿಗೆ. ರಕ್ತಹೀನತೆ ಇದೆಯಾ, ನಿದ್ದೆ ಬರುತ್ತದಾ ಅಂತ ವೈದ್ಯರು ಕೇಳದಿದ್ದರೆ ನಾವೇ ಎತ್ತಿ ಹೇಳುತ್ತೇವೆ.

ಹಳ್ಳಿ ಶಾಲೆಯ ಮೇಷ್ಟ್ರುಗಳೇ, ಬೆಳಗ್ಗೆ ಕುಂಟಿ ಮಧ್ಯಾಹ್ನ ಓಡುವ ಮಗು ನಾಟಕ ಆಡುತ್ತಿಲ್ಲ. ತಡವಾಗಿ ಬಂದರೆ ಹೊರಗೆ ನಿಲ್ಲಿಸಬೇಡಿ. ತರಗತಿಯ ನಡುವೆ ಎದ್ದು ಓಡಾಡಲು ಬಿಡಿ. ಆಟದಿಂದ ಪೂರಾ ಹೊರಗಿಡಬೇಡಿ. ಆರು ವಾರ ಕೀಲು ಊದಿದ್ದರೆ ದೊಡ್ಡಾಸ್ಪತ್ರೆಗೆ ಕಳಿಸಿ. ಕಣ್ಣು ಪರೀಕ್ಷೆ ಮಾಡಿಸಲು ಹೇಳಿ. ಈ ಕಾಯಿಲೆ ಕಣ್ಣು ಕೆಂಪಾಗದೆ, ನೋಯದೆ, ಸದ್ದಿಲ್ಲದೆ ದೃಷ್ಟಿಯನ್ನು ತಿಂದುಹಾಕಬಲ್ಲದು.

ಕೊನೆಯದಾಗಿ ಸಂಘಟನೆಯ ಗೆಳೆಯರಿಗೆ. ರಾತ್ರಿ ಎರಡರವರೆಗೆ ಸಭೆ, ಬೆಳಗ್ಗೆ ಆರಕ್ಕೆ ಜಾಥಾ. ಬಾರದವನಿಗೆ ಬದ್ಧತೆ ಇಲ್ಲ ಅಂತ ನೀವೂ ಅನ್ನುತ್ತೀರಿ. ಧಣಿಯ ಮಾತಿಗೂ ಈ ಮಾತಿಗೂ ಎಷ್ಟು ದೂರ, ನೀವೇ ಅಳೆಯಿರಿ. ನಮಗೆ ಕರಪತ್ರ ಬರೆಯಲು ಬರುತ್ತದೆ, ಅರ್ಜಿ ತುಂಬಲು ಬರುತ್ತದೆ, ಆಸ್ಪತ್ರೆಯ ಸಾಲಿನಲ್ಲಿ ದಿಕ್ಕುತಪ್ಪಿದವರಿಗೆ ದಾರಿ ತೋರಿಸಲು ಬರುತ್ತದೆ. ಮುಂದಿನ ಧರಣಿಯಲ್ಲಿ ನಾಲ್ಕು ಕುರ್ಚಿ ಹಾಕಿಸಿ. ಹನ್ನೊಂದರ ಮೇಲೆ ಬರುತ್ತೇವೆ. ಬಂದ ಮೇಲೆ ನಮ್ಮ ಪಾಲಿನ ಕೆಲಸ ಮಾಡಿಯೇ ಏಳುತ್ತೇವೆ.