ಅಪ್ಪನ ಮೇಣದಬತ್ತಿ

ಕಳೆದ ವರ್ಷ ಮೇ ತಿಂಗಳಲ್ಲಿ ಅಪ್ಪ ಪುಣೆಗೆ ಬಂದಾಗ ಅವರ ಚೀಲದಲ್ಲಿ ಒಂದು ಡಬ್ಬಿ ಶೇಂಗಾ ಹಿಂಡಿ, ಎರಡು ಕೇಜಿ ಖಾರದ ಪುಡಿ ಮತ್ತು ಐದನೇ ತರಗತಿಯ ಪಠ್ಯಪುಸ್ತಕಗಳ ಒಂದು ಕಟ್ಟು ಇತ್ತು. ಹಿಂಡಿ, ಖಾರಪುಡಿ ನನಗೆ. ಪುಸ್ತಕ ದೊಡ್ಡವಳಿಗೆ. ಅವಳಿಗೆ ಆಗ ಒಂಬತ್ತು ತುಂಬಿತ್ತು, ಅವಳು ಶಾಲೆಗೆ ಹೋಗುವುದಿಲ್ಲ. ಆರು ವರ್ಷದ ಸಣ್ಣವನಂತೂ ಶಾಲೆಯ ಮೆಟ್ಟಿಲು ಹತ್ತಿಯೇ ಇಲ್ಲ.

ಅಪ್ಪ ಗದಗ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೂ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ತರಿಸುತ್ತಿದ್ದರು. ಅಂಥವರ ಮಗಳು ತನ್ನ ಮಕ್ಕಳನ್ನು ಶಾಲೆ ಬಿಡಿಸಿದಳು ಅಂದರೆ ಊರಲ್ಲಿ ಅವರು ಏನಂತ ಹೇಳಿಕೊಳ್ಳಬೇಕು? ನಾಲ್ಕು ವರ್ಷ ಅವರು ನನ್ನೊಡನೆ ಈ ವಿಷಯ ನೇರವಾಗಿ ಮಾತಾಡಿರಲಿಲ್ಲ. ಫೋನಿನಲ್ಲಿ ‘ಹುಡುಗೂರು ಏನ್ ಓದ್ಯಾವ?’ ಅಂತ ಕೇಳುತ್ತಿದ್ದರು. ನಾನು ಏನೋ ಒಂದು ಹೇಳುತ್ತಿದ್ದೆ. ‘ಹೌದಾ’ ಅಂದು ಮಳೆ, ಬೆಳೆಯ ಮಾತಿಗೆ ಹೊರಳುತ್ತಿದ್ದರು.

ಇದು ಯಾವುದೋ ದೊಡ್ಡ ಸಿದ್ಧಾಂತದಿಂದ ಶುರುವಾದದ್ದಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ದೊಡ್ಡವಳು ಸೀನಿಯರ್ ಕೇಜಿ. ಐದು ವರ್ಷದ ಮಗುವನ್ನು ಮೊಬೈಲಿನ ಮುಂದೆ ಎರಡು ತಾಸು ಕೂರಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಬೇಸತ್ತು ಒಂದು ದಿನ ಮೊಬೈಲ್ ಬದಿಗಿಟ್ಟು ಅವಳನ್ನು ದೋಸೆ ಹಿಟ್ಟಿನ ಪಾತ್ರೆಯ ಮುಂದೆ ಕೂರಿಸಿದೆ. ಪಾತ್ರೆಗೆ ಹೊರಗಿನಿಂದ ಒಂದು ರಬ್ಬರ್ ಬ್ಯಾಂಡ್ ಹಾಕಿ, ಹಿಟ್ಟು ಎಲ್ಲಿವರೆಗೆ ಇದೆ ಅಂತ ಗುರುತು ಮಾಡಿದೆವು. ರಾತ್ರಿ ಮಲಗುವ ಮುಂಚೆ ನೋಡಿದಳು, ಬೆಳಗ್ಗೆ ಎದ್ದು ಹಲ್ಲುಜ್ಜದೆ ಓಡಿಹೋಗಿ ನೋಡಿದಳು. ಹಿಟ್ಟು ನಾಲ್ಕು ಬೆರಳು ಏರಿತ್ತು. ‘ಒಳಗ ಯಾರು ಊದ್ಯಾರ?’ ಅಂದಳು. ಶಾಲೆಗಳು ಮತ್ತೆ ತೆರೆದಾಗ ಕಳಿಸಲು ನನಗೆ ಮನಸ್ಸಾಗಲಿಲ್ಲ, ಅಷ್ಟೆ. ನಮ್ಮವರು ‘ಒಂದು ವರ್ಷ ನೋಡೋಣ’ ಅಂದರು. ಆ ಒಂದು ವರ್ಷ ಇನ್ನೂ ಮುಗಿದಿಲ್ಲ.

ಕಾನೂನಿನ ಮಾತು ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ ಅನ್ನುತ್ತದೆ. ಮನೆಶಿಕ್ಷಣದ ಬಗ್ಗೆ ಬೇಕು ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ. ಅದೇ ಕಾಯ್ದೆಯಲ್ಲಿ ಶಾಲೆಗೆ ಸೇರದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಅಂತಿದೆ. ಮುಂದೆ ಹದಿನಾಲ್ಕಾದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯಿಂದ ಹತ್ತನೆಯದು ಬರೆಯಬಹುದು. ನಿದ್ದೆ ಬಾರದ ರಾತ್ರಿಗಳಲ್ಲಿ ನಾನು ಇವೆರಡನ್ನೂ ಜಪದಂತೆ ಹೇಳಿಕೊಳ್ಳುತ್ತೇನೆ.

ನಿದ್ದೆ ಬಾರದ ರಾತ್ರಿಗಳು ಕಮ್ಮಿಯೇನಲ್ಲ. ಮನೆಶಿಕ್ಷಣ ಅಂದರೆ ನಗುನಗುತ್ತ ಮಕ್ಕಳು ಬೀಜ ಬಿತ್ತುವ ಚಿತ್ರ ನಿಮ್ಮ ಕಣ್ಣಮುಂದೆ ಬರುತ್ತಿದ್ದರೆ, ನಮ್ಮ ಮನೆಗೆ ಯಾವುದಾದರೂ ಮಂಗಳವಾರ ಬನ್ನಿ. ಹನ್ನೊಂದಾದರೂ ಸಣ್ಣವನ ಸ್ನಾನ ಆಗಿರುವುದಿಲ್ಲ. ಮೊಳಕೆಗೆ ಇಟ್ಟ ಹೆಸರುಕಾಳು ಬಟ್ಟೆಯಲ್ಲೇ ಕೊಳೆತು ನಾರುತ್ತಿರುತ್ತದೆ. ಮಧ್ಯಾಹ್ನ ನಾನು ಎರಡು ಅಂಗಡಿಗಳ ಲೆಕ್ಕಪತ್ರ ಬರೆಯಲು ಕೂತರೆ ಇಬ್ಬರಿಗೂ ಜಗಳ. ಕೆಲವು ದಿನ ಕಲಿತದ್ದು ಏನೂ ಇರುವುದಿಲ್ಲ. ನಾನು ಕೂಗಾಡಿದ್ದಷ್ಟೇ ಆಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ಚಿಂತೆ ಅಂದರೆ ದೊಡ್ಡವಳು ಎಂಟು ತುಂಬುವವರೆಗೆ ಓದಲಿಲ್ಲ. ಮನೆಯಲ್ಲಿ ಕನ್ನಡ, ಕೆಳಗೆ ಆಡಲು ಹೋದರೆ ಮರಾಠಿ, ಅಂಗಡಿಯ ಫಲಕದಲ್ಲಿ ಇಂಗ್ಲಿಷು. ಮೂರೂ ಅಕ್ಷರಗಳನ್ನು ಕಲಸಿ ಕೂತಿದ್ದಳು. ಲಿಫ್ಟಿನಲ್ಲಿ ಅವಳದೇ ವಯಸ್ಸಿನ ಹುಡುಗಿ ನೋಟೀಸು ಗಟ್ಟಿಯಾಗಿ ಓದಿದಾಗ ನನ್ನ ಹೊಟ್ಟೆಯಲ್ಲಿ ಆದ ಸಂಕಟ ಯಾರಿಗೆ ಹೇಳಲಿ? ಆಮೇಲೊಂದು ದಿನ, ಕಾರಣ ನನಗೆ ಇವತ್ತಿಗೂ ತಿಳಿದಿಲ್ಲ, ಅವಳು ಕನ್ನಡ ಓದತೊಡಗಿದಳು. ಅದು ನಾನು ಕಲಿಸಿದ್ದರಿಂದ ಅಂತ ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಕೈಯಿಂದ ಮಾಡುವುದರಲ್ಲಿ ಮಾತ್ರ ಇಬ್ಬರೂ ಹಿಂದೆ ಬೀಳಲಿಲ್ಲ. ಪುಣೆಯಲ್ಲಿರುವುದರ ಒಂದು ಪುಣ್ಯ ಅರವಿಂದ ಗುಪ್ತಾ. ಐಐಟಿ ಕಾನ್ಪುರದಲ್ಲಿ ಓದಿ, ಕಸದಿಂದ ಆಟಿಕೆ ಮಾಡುತ್ತ ಬದುಕು ಕಳೆದವರು. ಇಲ್ಲಿನ ಐಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದವರು. ಅವರ ಬೆಂಕಿಕಡ್ಡಿ ಮಾದರಿಗಳನ್ನು ಮಾಡಲು ಸೈಕಲ್ ವಾಲ್ವ್ ಟ್ಯೂಬ್ ಬೇಕು. ಅದನ್ನು ಹುಡುಕಿ ನಾನು ನಾಲ್ಕು ಅಂಗಡಿ ಅಲೆದೆ, ಈಗಿನ ಸೈಕಲ್ಲುಗಳಿಗೆ ಅದು ಇಲ್ಲವಂತೆ. ಕೊನೆಗೆ ಒಬ್ಬ ಮುದುಕ ಪಂಕ್ಚರಿನವನ ಹತ್ತಿರ ಸಿಕ್ಕಿತು. ಟ್ಯೂಬಿನ ತುಂಡುಗಳಿಗೆ ಕಡ್ಡಿ ಸಿಕ್ಕಿಸಿ ಚೌಕ ಮಾಡಿದರೆ ಅದು ವಾಲಾಡುತ್ತದೆ, ತ್ರಿಕೋನ ಮಾಡಿದರೆ ಅಲ್ಲಾಡುವುದಿಲ್ಲ. ಇಷ್ಟೇ. ಅದಾದ ಮೇಲೆ ಒಂದು ತಿಂಗಳು ಸಣ್ಣವನು ರಸ್ತೆಯಲ್ಲಿ ಕ್ರೇನು, ವಿದ್ಯುತ್ ಗೋಪುರ, ಸೇತುವೆ ಕಂಡಲ್ಲೆಲ್ಲ ತ್ರಿಕೋನ ಎಣಿಸುತ್ತಿದ್ದ.

ಅಪ್ಪ ಬಂದ ಮರುದಿನ ಮೇ 13. ಪುಣೆಯಲ್ಲಿ ನೆರಳಿಲ್ಲದ ದಿನ. ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ವಸ್ತುವಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಮುಂಬೈಯಲ್ಲಿರುವವರಿಗೆ ಇದು ಎರಡು ದಿನ ತಡ, ಹೈದರಾಬಾದಿನವರಿಗೆ ನಾಲ್ಕು ದಿನ ಮೊದಲು, ಚೆನ್ನೈ, ಬೆಂಗಳೂರಿನವರಿಗೆ ಏಪ್ರಿಲ್ ಕೊನೆಯ ವಾರದಲ್ಲೇ. ವರ್ಷಕ್ಕೆ ಎರಡು ಸಲ ಬರುತ್ತದೆ. ಮಹಡಿಯ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿ ನಾಲ್ವರೂ ಕಾದೆವು. ನೆರಳು ಸವೆಯುತ್ತ ಸವೆಯುತ್ತ ಬಂದು ಮಾಯವಾದಾಗ ಅಪ್ಪ ತಮ್ಮ ಕಾಲಬುಡ ನೋಡಿಕೊಂಡರು. ‘ಇಷ್ಟ್ ವರ್ಷ ಪಾಠ ಮಾಡೀನಿ, ನಿಂತು ನೋಡಿದ್ದಿಲ್ಲ’ ಅಂದರು. ದಿಲ್ಲಿಯಲ್ಲಿರುವ ನಾದಿನಿಯ ಮಗ ಫೋನಿನಲ್ಲಿ ‘ನಮ್ಮಲ್ಲಿ ಯಾವತ್ತು?’ ಅಂತ ಕೇಳಿದ. ದೊಡ್ಡವಳು ಮೂಸಂಬಿಯನ್ನು ಟಾರ್ಚಿನ ಮುಂದೆ ತಿರುಗಿಸಿ ತಿರುಗಿಸಿ ನೋಡಿ, ‘ನಿಮಗ ಇಲ್ಲೇ ಇಲ್ಲ, ನೀವು ಕರ್ಕಾಟಕ ಸಂಕ್ರಾಂತಿ ವೃತ್ತದಾಚೆ ಇದ್ದೀರಿ’ ಅಂದಳು. ಆ ಪದ ಅವಳಿಗೆ ಕಲಿಸಿದ್ದು ಹತ್ತು ನಿಮಿಷದ ಹಿಂದೆ ಅಜ್ಜ.

ಅಪ್ಪ ಸಂಜೆ ಚಹಾ ಕುಡಿಯುತ್ತ ಹೇಳಿದರು: ‘ಆಟ ಛಲೋ ಐತಿ. ಪಾಠ ಎಲ್ಲೈತಿ ಯವ್ವಾ?’ ನಾನು ಉತ್ತರ ಕೊಡಲಿಲ್ಲ. ‘ನಾಳೆ ನಾ ಒಂದು ಪಾಠ ಮಾಡ್ತೀನಿ’ ಅಂದರು.

ಮರುದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಊಟದ ತಾಟಿನಲ್ಲಿ ನೀರು, ನಡುವೆ ಮೇಣದಬತ್ತಿ, ಅದರ ಮೇಲೆ ಗಾಜಿನ ಲೋಟ ಬೋರಲು. ನೀವೂ ನೋಡಿರುತ್ತೀರಿ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ‘ಬತ್ತಿ ಉರಿಯಾಕ ಆಮ್ಲಜನಕ ಬೇಕು. ಅದು ತೀರಿತು, ಖಾಲಿ ಆದ ಜಾಗಕ್ಕ ನೀರು ಬಂತು. ಎಷ್ಟು ಏರೇತಿ ನೋಡ್ರಿ, ಐದರಾಗ ಒಂದು ಪಾಲು. ಗಾಳ್ಯಾಗ ಆಮ್ಲಜನಕ ಅಷ್ಟ ಇರತೈತಿ.’ ನನಗೂ ಎಂಟನೇ ತರಗತಿಯಲ್ಲಿ ಅವರೇ ಹೀಗೆ ಕಲಿಸಿದ್ದರು. ಎರಡು ವರ್ಷದ ಹಿಂದೆ ದೊಡ್ಡವಳಿಗೆ ನಾನೂ ಹೀಗೇ ಹೇಳಿದ್ದೆ.

ದೊಡ್ಡವಳು ಹುಬ್ಬು ಗಂಟಿಕ್ಕಿದಳು. ‘ಅಜ್ಜಾ, ಲೋಟ ಇಡುವಾಗ ಗುಳುಗುಳು ಅಂತ ಗುಳ್ಳೆ ಹೊರಗ ಬಂದ್ವಲ್ಲ, ಅದೇನು? ಮತ್ತ ಬತ್ತಿ ಉರಿಯೋವಾಗ ನೀರು ಏರಲೇ ಇಲ್ಲ. ಆರಿದ ಮೇಲೆ ಏರ್ತು.’ ಅಪ್ಪ ‘ಹಂಗಲ್ಲವಾ’ ಅಂತ ಶುರುಮಾಡಿದರು. ಅಷ್ಟರಲ್ಲಿ ಸಣ್ಣವನು, ಅವನಿಗೆ ಬತ್ತಿ ಕಂಡರೆ ಹುಟ್ಟುಹಬ್ಬವೇ, ಇನ್ನೂ ಎರಡು ಬತ್ತಿ ತಂದು ನಿಲ್ಲಿಸಿ ‘ಮೂರು ಹಚ್ಚೋಣು’ ಅಂದ. ಹಚ್ಚಿದೆವು. ಅದೇ ಲೋಟ, ಅಷ್ಟೇ ಗಾಳಿ. ನೀರು ಹೆಚ್ಚುಕಮ್ಮಿ ಎರಡರಷ್ಟು ಏರಿತು.

ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡವಳು ಕೇಳಿದಳು: ‘ಮೂರು ಬತ್ತಿ ಹಚ್ಚಿದ್ರ ಗಾಳ್ಯಾಗ ಆಮ್ಲಜನಕ ಹೆಚ್ಚಾಗ್ತದ?’

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಬಾಲ್ಕನಿಗೆ ಹೋದರು. ಆ ರಾತ್ರಿ ಒಂದೇ ರೊಟ್ಟಿ ತಿಂದರು. ನನಗೆ ಮಗಳ ಮೇಲೆ ಹೆಮ್ಮೆಯೂ ಆಯಿತು, ಅವಳ ಬಾಯಿ ಮುಚ್ಚಿಸಬೇಕಿತ್ತು ಅಂತಲೂ ಅನ್ನಿಸಿತು. ಅವ್ವ ಇದ್ದಿದ್ದರೆ ಏನಾದರೊಂದು ಹೇಳಿ ನಗಿಸುತ್ತಿದ್ದಳು.

ಬೆಳಗಿನ ಐದಕ್ಕೆ ಅಡುಗೆಮನೆಯಲ್ಲಿ ಬೆಳಕು ಕಂಡು ಎದ್ದುಹೋದೆ. ಅಪ್ಪ ಬನಿಯನ್ನಿನಲ್ಲಿ ಕೂತು ಲೋಟಕ್ಕೆ ಸ್ಕೇಲು ಹಿಡಿದಿದ್ದರು. ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದಿದ್ದರು: ಒಂದು ಬತ್ತಿ, ಎರಡೂವರೆ ಸೆಂಟಿಮೀಟರು. ಎರಡು, ನಾಲ್ಕು. ಮೂರು, ಐದು. ‘ಬಾ ಕೂಡು’ ಅಂದರು. ಉರಿಯುವ ಬತ್ತಿಯ ಮೇಲೆ ಲೋಟ ತಂದಾಗಲೇ ಒಳಗಿನ ಗಾಳಿ ಕಾದು ಹಿಗ್ಗಿ, ಒಂದಿಷ್ಟು ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಬತ್ತಿ ಆರಿತು, ಉಳಿದ ಗಾಳಿ ತಣ್ಣಗಾಗಿ ಕುಗ್ಗಿತು, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ನೂಕಿತು. ಆಮ್ಲಜನಕ ಎಲ್ಲವೂ ತೀರುವ ಮೊದಲೇ ಬತ್ತಿ ಆರುತ್ತದೆ, ತೀರಿದಷ್ಟರ ಬದಲಿಗೆ ಇಂಗಾಲದ ಡೈಆಕ್ಸೈಡ್ ಬಂದಿರುತ್ತದೆ. ಏರಿಕೆಯಲ್ಲಿ ಅದರದ್ದೂ ಒಂದು ಸಣ್ಣ ಪಾಲು ಇರಬಹುದು, ಆದರೆ ದೊಡ್ಡ ಕೆಲಸ ಬಿಸಿಯದ್ದು. ಐದರಲ್ಲಿ ಒಂದು ಪಾಲು ಬಂದದ್ದು ಆ ಲೋಟ, ಆ ಬತ್ತಿಯ ಕಾಕತಾಳೀಯ. ಇಷ್ಟನ್ನೂ ಅವರೇ ಬಿಡಿಸಿ ಹೇಳಿದರು, ನಾನು ಬಾಯಿ ಬಿಡಲಿಲ್ಲ.

‘ಮೂವತ್ತೊಂದು ವರ್ಷ ಹೇಳೀನಿ’ ಅಂದರು. ‘ಎಷ್ಟ್ ಹುಡುಗೂರಿಗೆ. ಒಬ್ಬಾಂವರ ಎದ್ದು ಕೇಳಿದ್ನೇನು? ಕೇಳಿದ್ರೂ ನಾ ಕುಂಡ್ರು ಅಂತಿದ್ದೆ.’ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಗೆದ್ದೆ ಅಂತ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿದರು. ‘ನೀನೂ ಇದನ್ನ ಹೇಳಿಕೊಟ್ಟಿದ್ದಿ, ಹೌದಿಲ್ಲೋ? ಮತ್ತ ಎರಡು ವರ್ಷ ಆ ಕೂಸು ಅದನ್ನ ಖರೇ ಅಂತ ತಿಳ್ಕೊಂಡಿತ್ತು. ನನಗರ ಇನ್ಸ್‌ಪೆಕ್ಟರ್ ಬರ್ತಿದ್ದ, ಬಾಜೂ ಕ್ಲಾಸಿನ ಮಾಸ್ತರ ಇದ್ದ. ನಿನ್ನ ತಪ್ಪು ಹಿಡಿಯಾಕ ಈ ಮನ್ಯಾಗ ಯಾರದಾರ?’

ನಾಲ್ಕು ವರ್ಷದಲ್ಲಿ ನನ್ನನ್ನು ಬೈದವರು ಬಹಳ. ಮಕ್ಕಳಿಗೆ ಗೆಳೆಯರು ಸಿಗುವುದಿಲ್ಲ, ಶಿಸ್ತು ಬರುವುದಿಲ್ಲ, ನೌಕರಿ ಸಿಗುವುದಿಲ್ಲ ಅಂದವರಿಗೆಲ್ಲ ನನ್ನ ಹತ್ತಿರ ಉತ್ತರವಿತ್ತು. ಇದಕ್ಕೆ ಇರಲಿಲ್ಲ. ನನಗೆ ಗೊತ್ತಿರುವ ತಪ್ಪುಗಳನ್ನು ನಾನು ತಿದ್ದಿಕೊಳ್ಳುತ್ತೇನೆ. ಗೊತ್ತಿಲ್ಲದವು ನೇರ ಮಕ್ಕಳ ತಲೆಗೆ ಹೋಗುತ್ತವೆ. ಮೇಣದಬತ್ತಿ ಒಂದು ಸಿಕ್ಕಿಬಿತ್ತು, ಇನ್ನೆಷ್ಟು ಇವೆಯೋ.

ಅಪ್ಪ ಇನ್ನೂ ಎರಡು ವಾರ ಇದ್ದರು. ಪಠ್ಯಪುಸ್ತಕದ ಕಟ್ಟು ಬಿಚ್ಚಿದರು, ಆದರೆ ಓದಿಸಲಿಲ್ಲ. ‘ಇದರಾಗ ತಪ್ಪು ಹುಡುಕ್ರಿ’ ಅಂತ ಮಕ್ಕಳ ಮುಂದೆ ಇಟ್ಟರು. ದೊಡ್ಡವಳು ಇಡೀ ಪುಸ್ತಕ ಓದಿ ಮುಗಿಸಿದ್ದು ಹಾಗೆ. ಒಂದು ದಿನ ಅರಿಶಿನದ ನೀರಿಗೆ ಸುಣ್ಣ ಹಾಕಿ, ಅವ್ವ ಆರತಿಗೆ ಮಾಡುತ್ತಿದ್ದ ಕೆಂಪು ನೀರು ತೋರಿಸಿದರು. ಸಣ್ಣವನು ಲಿಂಬೆಹಣ್ಣು ಹಿಂಡಿದ. ಕೆಂಪು ಹೋಗಿ ಮತ್ತೆ ಹಳದಿ ಆಯಿತು. ‘ನಿಮ್ಮ ಅಜ್ಜಿ ಇದ್ದಿದ್ರ ಈಗ ನಿನ್ನ ಕಿವಿ ಹಿಂಡ್ತಿದ್ಲು’ ಅಂದರು.

ಹೊರಡುವಾಗ ಸ್ಟೇಶನ್ನಿನಲ್ಲಿ ಒಪ್ಪಂದವಾಯಿತು. ಭಾನುವಾರ ಸಂಜೆ ಆರಕ್ಕೆ ವಿಡಿಯೋ ಕರೆ. ಆ ವಾರ ನಾನು ಹೇಳಿಕೊಟ್ಟದ್ದನ್ನು ಮಕ್ಕಳು ಅಜ್ಜನಿಗೆ ಹೇಳಬೇಕು, ನಾನು ಪಕ್ಕದಲ್ಲಿ ಇರಬಾರದು. ಶಾಲೆಗೆ ಕಳಿಸು ಅಂತ ಅವರು ಅನ್ನಲಿಲ್ಲ, ಕಳಿಸಬೇಡ ಅಂತಲೂ ಅನ್ನಲಿಲ್ಲ. ನಾನೂ ಇನ್ನೂ ಏನೂ ನಿರ್ಧರಿಸಿಲ್ಲ. ಮೊದಲ ಭಾನುವಾರವೇ ನನ್ನ ಎರಡು ತಪ್ಪು ಸಿಕ್ಕವು. ಒಂದು ಭಾನುವಾರ ಅಪ್ಪನದೂ ಒಂದು ಸಿಕ್ಕಿತಂತೆ, ಯಾವುದು ಅಂತ ಮೂವರೂ ಬಾಯಿ ಬಿಟ್ಟಿಲ್ಲ.

ಜುಲೈ ಕೊನೆಯಲ್ಲಿ ಪುಣೆಗೆ ನೆರಳಿಲ್ಲದ ದಿನ ಎರಡನೇ ಸಲ ಬಂತು. ಧೋ ಅಂತ ಮಳೆ. ಸೂರ್ಯನೇ ಇರಲಿಲ್ಲ, ನೆರಳಿನ ಮಾತೆಲ್ಲಿ. ಆಗಸ್ಟ್ 10ಕ್ಕೆ ಅಪ್ಪನೇ ಫೋನ್ ಮಾಡಿದರು. ಗದಗ ಕಡೆ ಅವತ್ತಿನ ಆಸುಪಾಸು ಬರುತ್ತದೆ ಅಂತ ದೊಡ್ಡವಳು ಲೆಕ್ಕ ಹಾಕಿ ಕೊಟ್ಟಿದ್ದಳು. ಗುಡಿಯ ಮುಂದಿನ ಕಟ್ಟೆಯ ಮೇಲೆ ಕೊಡೆಯ ಕೋಲು ನೆಟ್ಟಗೆ ಹಿಡಿದು ನಿಂತಿದ್ದರಂತೆ, ಓಣಿಯ ಆರು ಹುಡುಗರು ಸುತ್ತ ಕೂತಿದ್ದರಂತೆ. ಮೋಡ ಸರಿದದ್ದು ಹನ್ನೆರಡೂ ಮೂವತ್ತೈದಕ್ಕೆ.

‘ನೆರಳು ಇತ್ತೇನು ಅಜ್ಜಾ?’

‘ಒಂದು ಗೋದಿಕಾಳಿನಷ್ಟು. ನಿನ್ನ ಲೆಕ್ಕದಾಗ ಒಂದು ದಿನದ ತಪ್ಪೈತಿ, ಇಲ್ಲಾ ನನ್ನ ಕೋಲು ಸೊಟ್ಟ ಇತ್ತು. ನಾಳೆ ಮತ್ತ ನೋಡ್ತೀವಿ.’