ಉದುರಿಹೋದ ಅಧ್ಯಾಯ

ಓದಿದ ಕಾದಂಬರಿಯನ್ನೇ ಮತ್ತೆ ಓದುವುದು ನನ್ನ ಚಟ. ಮನೆಯಲ್ಲಿ ಇದಕ್ಕೆ ‘ತಂಗಳು ಬಿಸಿ ಮಾಡೋದು’ ಅನ್ನುತ್ತಾರೆ. ಅನ್ನಲಿ, ತಂಗಳಿನ ರುಚಿ ತಿಂದವರಿಗೇ ಗೊತ್ತು. ಮಳೆ ಹಿಡಿಯಿತೆಂದರೆ ಡಿಕನ್ಸ್‌ನ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಕೈಗೆ ಬರುತ್ತದೆ.

ನನ್ನ ಮೊದಲ ಪ್ರತಿ ಫುಟ್‌ಪಾತಿನಲ್ಲಿ ಕೊಂಡದ್ದು. ಗೋಂದು ಬಿಟ್ಟು ಕೊನೆಯ ಅಧ್ಯಾಯ ಉದುರಿಹೋಗಿತ್ತು. ನನಗದು ಗೊತ್ತಾಗಲೇ ಇಲ್ಲ. ಅನಾಥ ಪಿಪ್, ತನ್ನನ್ನು ಸಾಕಿದ ಕಮ್ಮಾರ ಜೋನ ಹತ್ತಿರ ಕ್ಷಮೆ ಕೇಳಿ, ಇಂಗ್ಲೆಂಡ್ ಬಿಟ್ಟು ಗುಮಾಸ್ತಗಿರಿಗೆ ಹೋಗುತ್ತಾನೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಎಷ್ಟೋ ಮಳೆಗಾಲ ಕಳೆದ ಮೇಲೆ ಗೆಳೆಯನೊಬ್ಬ, ಕೊನೆಗೆ ಪಿಪ್ ತಾನು ಪ್ರೀತಿಸಿದ ಎಸ್ಟೆಲ್ಲಾಳ ಕೈ ಹಿಡಿದುಕೊಂಡು ನಡೆಯುತ್ತಾನಲ್ಲ, ಸುಖಾಂತ್ಯವೇ ಬಿಡು ಅಂದ. ಯಾವ ಕೈ ಅಂದೆ. ನೀನು ನಿಜವಾಗಿ ಓದಿದ್ದೀಯೇನೋ ಅಂತ ನಕ್ಕ.

ಡಿಕನ್ಸ್ 1861ರಲ್ಲಿ ಮೊದಲು ಬರೆದ ಕೊನೆಯಲ್ಲಿ ಆ ಕೈಯಿಲ್ಲ. ಕಾದಂಬರಿಕಾರ ಬುಲ್ವರ್ ಲಿಟನ್ ಹೇಳಿದನೆಂದು ಬದಲಾಯಿಸಿದ. ಹಳೆಯ ಕೊನೆ ಹೊರಬಿದ್ದದ್ದು ಡಿಕನ್ಸ್ ತೀರಿಕೊಂಡ ಮೇಲೆ, ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಲ್ಲಿ. ಅದರಲ್ಲಿ ಪಿಪ್ ಲಂಡನ್ನಿನ ಪಿಕಾಡಿಲಿಯಲ್ಲಿ ಪುಟ್ಟ ಹುಡುಗನೊಬ್ಬನ ಜೊತೆ ಹೋಗುತ್ತಿದ್ದಾಗ ಎಸ್ಟೆಲ್ಲಾ ಸಿಗುತ್ತಾಳೆ, ಬೇರೊಬ್ಬನ ಹೆಂಡತಿಯಾಗಿ. ಹುಡುಗ ಪಿಪ್‌ನ ಮಗನೆಂದುಕೊಂಡು, ಎತ್ತಿಕೊಡು ಅಂದು ಮುದ್ದಿಸುತ್ತಾಳೆ. ಪಿಪ್ ಅವಳನ್ನು ತಿದ್ದುವುದಿಲ್ಲ. ಇದೇ ಸರಿಯಾದ ಕೊನೆ ಅಂತ ನನ್ನ ಹಟ, ಲಿಟನ್ ಸುಮ್ಮನಿರಬಹುದಿತ್ತು.

ಹಾಗಂತ ಈ ಕಾದಂಬರಿ ಬರೀ ಕತ್ತಲೆ ಅನ್ನಲು ಬಾಯಿ ಬಾರದು. ಕ್ರಿಸ್‌ಮಸ್ ಊಟದಲ್ಲಿ ದೊಡ್ಡವರೆಲ್ಲ ಸೇರಿ ಪಿಪ್‌ನನ್ನು ಬೈಯುತ್ತಿರುತ್ತಾರೆ. ಜೋಗೆ ಎದುರಾಡುವ ಧೈರ್ಯವಿಲ್ಲ. ಬೈದಾಗಲೆಲ್ಲ ಹುಡುಗನ ತಟ್ಟೆಗೆ ಇನ್ನಷ್ಟು ಗ್ರೇವಿ ಸುರಿಯುತ್ತಾನೆ, ಅಷ್ಟೆ. ಮುಂದೆ, ದೊಡ್ಡ ಮನುಷ್ಯನಾದ ಪಿಪ್‌ನನ್ನು ನೋಡಲು ಲಂಡನ್ನಿಗೆ ಬಂದಾಗ ಜೋನ ಹ್ಯಾಟು ಅಗ್ಗಿಷ್ಟಿಕೆಯ ಮೇಲಿನ ಹಲಗೆಯಿಂದ ಪದೇ ಪದೇ ಬೀಳುತ್ತದೆ; ತಾನು ಸಾಕಿದ ಹುಡುಗನನ್ನೇ ‘ಸರ್’ ಅನ್ನುತ್ತಾನೆ. ಪಿಪ್ ನಾಚಿಕೊಳ್ಳುವುದು ಜೋಗಾಗಿ, ನಾನು ನಾಚುವುದು ಪಿಪ್‌ಗಾಗಿ. ನಮ್ಮಪ್ಪ ಹಾಸ್ಟೆಲ್ಲಿಗೆ ಬಂದಿದ್ದ ಒಂದು ಭಾನುವಾರ ನೆನಪಾಗಿ ಪುಟ ಬೇಗ ತಿರುಗಿಸುತ್ತೇನೆ.

ಗೆಳೆಯನ ಮಾತಿನ ನಂತರ ಹೊಸ ಪ್ರತಿ ತಂದೆ. ಕೈ ಹಿಡಿಯುವುದಕ್ಕೂ ಮುಂಚೆ, ಅದೇ ಅಧ್ಯಾಯದ ಶುರುವಿನಲ್ಲಿ, ಎಷ್ಟೋ ವರ್ಷಗಳ ಮೇಲೆ ಪಿಪ್ ಊರಿಗೆ ಬಂದು ಸದ್ದಿಲ್ಲದೆ ಬಾಗಿಲು ತೆರೆಯುತ್ತಾನೆ. ಒಲೆಯ ಪಕ್ಕ ಜೋ. ಮೂಲೆಯಲ್ಲಿ ಅವನ ಕಾಲಿನ ಮರೆಯಲ್ಲಿ, ಪಿಪ್ ಚಿಕ್ಕವನಿದ್ದಾಗ ಕೂರುತ್ತಿದ್ದ ಸ್ಟೂಲಿನ ಮೇಲೆ, ಬೆಂಕಿ ನೋಡುತ್ತಾ ಕೂತ ಪುಟ್ಟ ಹುಡುಗ. ಜೋನ ಮಗ. ಹೆಸರು ಪಿಪ್. ಪಿಕಾಡಿಲಿಯಲ್ಲಿ ಎಸ್ಟೆಲ್ಲಾ ಮುದ್ದಿಸಿದ್ದು ಇವನನ್ನೇ. ಅಷ್ಟು ಮಳೆಗಾಲ ನನಗೆ ತಪ್ಪಿಹೋಗಿದ್ದದ್ದು ಆ ಸ್ಟೂಲು.